ಬಳೆ ಮಸೀದಿಯ ನೀರು

ನಮ್ಮತ್ತೆ ಅದನ್ನು ಬಳೆ ಮಸೀದಿ ಎನ್ನುತ್ತಾರೆ. ಗೋಡೆಗೆ ಕೂರಿಸಿರುವುದು ಬಳೆಚೂರಲ್ಲ, ಒಡೆದ ತಟ್ಟೆ, ಬಸಿ, ಕಪ್ಪುಗಳ ಪಿಂಗಾಣಿ ಚೂರು ಎಂದು ಮದುವೆಯಾಗಿ ಬಂದಾಗಿನಿಂದ ಹೇಳುತ್ತಲೇ ಇದ್ದೇನೆ. 'ಯಾವ್ದಾದ್ರೇನು, ಒಡ್ದೋಗಿದ್ದು ತಾನೆ' ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಅವರ ಹತ್ತಿರ ವಾದ ಮಾಡಿ ಗೆದ್ದವರನ್ನು ನಾನಂತೂ ನೋಡಿಲ್ಲ.

ಮಸೀದಿ ಇರುವುದು ದೇವನಹಳ್ಳಿ ಆಚೆಯ ವಿಜಯಪುರದ ಕಡೆ. ರಾಜಘಟ್ಟದ ಹತ್ತಿರದ ನಮ್ಮ ಹಳ್ಳಿಯಿಂದ ಹೋಗಬೇಕೆಂದರೆ ದೊಡ್ಡಬಳ್ಳಾಪುರದಲ್ಲೊಮ್ಮೆ, ದೇವನಹಳ್ಳಿಯಲ್ಲೊಮ್ಮೆ ಬಸ್ಸು ಬದಲಾಯಿಸಬೇಕು. ಹಾಗಿದ್ದರೂ ನಮ್ಮ ಮನೆಯ ಕೂಸುಗಳೆಲ್ಲ ಅಲ್ಲಿಗೆ ಹೋಗಿ ಬಂದಿವೆ. ಮಗು ನಿದ್ದೆಯಲ್ಲಿ ಬೆಚ್ಚಿ ಬಿದ್ದು ಅತ್ತರೆ, ಹಾಲು ಬಿಟ್ಟರೆ, 'ಊದಿಸ್ಕೊಂಡು ಬಾ' ಎಂದು ಹಿರಿಯರು ಕಳಿಸುತ್ತಿದ್ದರು. ಸಂಜೆಯ ನಮಾಜು ಬಿಡುವ ಹೊತ್ತಿಗೆ ತಾಯಂದಿರು ಬಾಗಿಲ ಹೊರಗೆ ಸಾಲಾಗಿ ನಿಲ್ಲುವುದು. ಒಳಗಿನಿಂದ ಬರುವವರು ಏನೋ ಹೇಳಿಕೊಂಡು ಮಗುವಿನ ಮುಖದ ಮೇಲೆ ಊದಿ ಮುಂದೆ ಹೋಗುವುದು. ತಂದಿದ್ದ ನೀರಿಗೂ ಊದುತ್ತಿದ್ದರು. ಆ ನೀರನ್ನು ಮನೆಗೆ ತಂದು, ಮೂತಿಯಿರುವ ಪುಟ್ಟ ಬೆಳ್ಳಿ ಒಳಲೆಗೆ ಬಗ್ಗಿಸಿ, ಅತ್ತೆ ತಾವೇ ಮಗುವಿನ ಬಾಯಿಗೆ ಬಿಡುತ್ತಿದ್ದರು.

ನನ್ನ ಮಗಳನ್ನು ಕರೆದುಕೊಂಡು ಹೋದದ್ದು ಹಾಗೆಯೇ. ಬಸ್ಸಿನ ತುಂಬ ಅತ್ತು ರಂಪ ಮಾಡಿದವಳು ಆ ಗೋಡೆ ಕಂಡ ಕೂಡಲೇ ಸುಮ್ಮನಾದಳು. ಗೋಡೆಯ ಒಂದು ಕಡೆ, ಕಂಕುಳಲ್ಲಿದ್ದ ಕೂಸಿನ ಕೈಗೆ ಸಿಗುವ ಎತ್ತರದಲ್ಲಿ, ನೀಲಿ ಟೀ ಕಪ್ಪಿನ ಚೂರೊಂದಿತ್ತು. ಅದರ ಹಿಡಿಯ ಮೋಟು ಹಾಗೇ ಹೊರಗೆ ಚಾಚಿಕೊಂಡಿತ್ತು. ಅದಕ್ಕೆ ಬೆರಳು ಸಿಕ್ಕಿಸಿಕೊಂಡು ಬಿಡಲೊಲ್ಲಳು. ಆಮೇಲೆ ದೊಡ್ಡವಳಾಗಿ ಕಾಲೇಜಿಗೆ ಹೋಗುವಾಗಲೂ ಈ ಕಥೆಯನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದಳು.

ಈ ವರ್ಷ ಯುಗಾದಿ ಕಳೆದ ಮೇಲೆ ಅವಳು ಹೋದಳು. ಜ್ವರ ಎಂದು ಆಸ್ಪತ್ರೆಗೆ ಸೇರಿಸಿದೆವು, ಅವಳಿಲ್ಲದೆ ವಾಪಸು ಬಂದೆವು. ಡಿಗ್ರಿಯ ಕೊನೇ ವರ್ಷದಲ್ಲಿದ್ದಳು. ಇದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ.

ನಾನು ಅಳಲಿಲ್ಲ. ಬಂದವರೆಲ್ಲ ನನ್ನ ಮುಖವನ್ನೇ ನೋಡಿದರು, ಅಲ್ಲಿ ಏನೂ ಸಿಗದೆ ಗಟ್ಟಿಗಿತ್ತಿ ಎಂದು ಹೇಳಿ ಹೋದರು. ಗಟ್ಟಿಗಿತ್ತಿಯೂ ಇಲ್ಲ, ಮಣ್ಣೂ ಇಲ್ಲ. ತಿಥಿಯ ದಿನ ಸಾರಿನ ರುಚಿ ನೋಡಿ ಉಪ್ಪು ಸಾಲದು ಅಂದೆ. ನಮ್ಮ ಓರಗಿತ್ತಿ ಸೌಟು ಹಿಡಿದುಕೊಂಡು ನನ್ನನ್ನೇ ದಿಟ್ಟಿಸಿದಳು. ಉಪ್ಪು ಸಾಲದಿದ್ದರೆ ಸಾಲದು ಅನ್ನಬಾರದೇ? ಮಗಳ ಬಟ್ಟೆ ಮಡಚಿ ಒಳಗಿಟ್ಟಾಗಲೂ ಇಸ್ತ್ರಿ ಮಾಡಬೇಕಿತ್ತು ಎನಿಸಿತೇ ಹೊರತು ಬೇರೇನೂ ಆಗಲಿಲ್ಲ. ಬರಬರುತ್ತಾ ಊಟ ಸೇರದಾಯಿತು. ಹಸಿವಾದರೂ ಅದು ಬೇರೆ ಯಾರದೋ ಹಸಿವು ಎಂಬಂತೆ ಕೂತಿರುತ್ತಿದ್ದೆ. ನನ್ನ ಗಂಡ ಕರೆದರೆ, ಓ ಎನ್ನಲು ಸೋಮಾರಿತನ.

ಒಂದು ಬೆಳಿಗ್ಗೆ ಅತ್ತೆ ನನ್ನ ಮುಂದೆ ಬಂದು ಕೂತರು.

'ನೋಡ್ತಾನೇ ಇದೀನಿ ಕಣಮ್ಮಿ. ನಮ್ಮಕ್ಕನೂ ಮಗ ಹೋದಾಗ ಹಿಂಗೇ ಕೂತ್ಕೊಂಡ್ಳು. ಅಳ್ಳಿಲ್ಲ, ಉಣ್ಣಲಿಲ್ಲ. ಹಂಗೇ ಹೋಗ್ಬಿಟ್ಳು. ಮೊಮ್ಮಗಳನ್ನ ಕಳಿಸಿದೀನಿ, ನಿನ್ನೂ ಕಳ್ಸೋಕೆ ನನ್ ಕೈಲಾಗಲ್ಲ. ಬಳೆ ಮಸೀದಿಗೆ ಹೋಗಿ ಊದಿಸ್ಕೊಂಡು ಬಾ.'

'ನಾನೇನು ಕೂಸಾ ಅತ್ತೆ?'

'ಹೋಗ್ತೀಯೋ, ನಾನೂ ಬರಲೋ?'

ಅವರ ಮಂಡಿನೋವು ಕಟ್ಟಿಕೊಂಡು ಬಸ್ಸು ಹತ್ತಿಸುವ ಕಷ್ಟ ಯಾರಿಗೆ ಬೇಕು. ಒಬ್ಬಳೇ ಹೊರಟೆ. ಹೊರಡುವಾಗ ಅವರು ಒಂದು ಸ್ಟೀಲು ಬಾಟಲಿಗೆ ನೀರು ತುಂಬಿ ಕೊಟ್ಟರು. ಅದು ಅವಳು ಕಾಲೇಜಿಗೆ ಒಯ್ಯುತ್ತಿದ್ದ ಬಾಟಲಿ. ಅತ್ತೆಗೆ ಗೊತ್ತಿತ್ತೋ ಇಲ್ಲವೋ. ಚೀಲಕ್ಕೆ ಹಾಕಿಕೊಂಡೆ.

ವಿಜಯಪುರದಲ್ಲಿ ಇಳಿದರೆ ರೇಷ್ಮೆಗೂಡು ಬೇಯಿಸುವ ಅದೇ ಹಳೇ ವಾಸನೆ. ನಮಾಜಿಗೆ ಇನ್ನೂ ಹೊತ್ತಿತ್ತು. ಮಸೀದಿಯ ಅಂಗಳದಲ್ಲಿ ಗುಡಿಸುತ್ತಿದ್ದವರು, 'ಹೊರಗಡೆಯಿಂದ ನೋಡಮ್ಮ, ಎಷ್ಟೊತ್ತು ಬೇಕಾದ್ರೂ ನೋಡು' ಅಂದರು. ನೋಡಿದೆ. ಬಾಗಿಲ ಕಮಾನಿನ ಮೇಲೆ ಬಳ್ಳಿ, ಬಳ್ಳಿಯ ತುಂಬ ಹೂವು, ಕಂಬಗಳ ಮೇಲೆ ನಕ್ಷತ್ರ. ಎಲ್ಲವೂ ಚೂರುಗಳೇ. ಒಂದು ಹೂವಿನ ಎಸಳೊಂದರಲ್ಲಿ ಯಾರದೋ ತಟ್ಟೆಯ ಅಂಚಿನ ಚಿನ್ನದ ಗೆರೆ, ಇನ್ನೊಂದರಲ್ಲಿ ಅರ್ಧ ಗುಲಾಬಿ. ಯಾವ ಕಾಲದವರೋ ಕೂತು ಒಂದೊಂದನ್ನೇ ಹೊಂದಿಸಿದ್ದಾರೆ. ಚೆನ್ನಾಗಿದೆ ಎಂದು ತಿಳಿಯುತ್ತಿತ್ತು. ಚೆನ್ನಾಗಿದೆ ಎಂದು ಅನಿಸುತ್ತಿರಲಿಲ್ಲ.

ಬೆಂಗಳೂರಿನಿಂದ ಬಂದಿದ್ದ ಒಂದು ಜೋಡಿ ಫೋಟೊ ತೆಗೆಯುತ್ತಿತ್ತು. ಆ ಹುಡುಗಿ, 'ಆಂಟಿ, ಸ್ವಲ್ಪ ಸೈಡಿಗೆ ಬರ್ತೀರಾ? ಫ್ರೇಮಲ್ಲಿ ಬರ್ತಾ ಇದೀರ' ಅಂದಳು. ನನ್ನ ಮಗಳದೇ ವಯಸ್ಸು. ಬೇರೆ ಕಾಲದಲ್ಲಾಗಿದ್ದರೆ, ಗೋಡೆ ನಿಮ್ಮಪ್ಪಂದಾ ಎಂದು ಕೇಳಿಯೇ ಬಿಡುತ್ತಿದ್ದೆ. ಅವತ್ತು ಸುಮ್ಮನೆ ಸರಿದು ನಿಂತೆ.

ಸರಿದ ಕಡೆಯೇ ಆ ನೀಲಿ ಚೂರು ಸಿಕ್ಕಿತು. ಹಿಡಿಯ ಮೋಟು ಇನ್ನೂ ಇದೆ. ಎಷ್ಟು ಮಕ್ಕಳು ಹಿಡಿದಿದ್ದವೋ, ನುಣ್ಣಗಾಗಿದೆ. ಬೆರಳು ಸಿಕ್ಕಿಸಿ ನಿಂತುಕೊಂಡೆ. ಈಗ ಆಗುತ್ತದೆ, ಈಗ ಆಗುತ್ತದೆ ಎಂದು ಕಾದೆ. ಪಿಂಗಾಣಿ ತಣ್ಣಗಿತ್ತು. ಅಷ್ಟೇ. ಅವಾಗ ನಿಜವಾಗಿ ಭಯವಾಯಿತು. ಇಲ್ಲೂ ಆಗದಿದ್ದರೆ ಇನ್ನೆಲ್ಲಿ ಎಂದುಕೊಂಡೆ.

ಕತ್ತಲಾಗುವ ಹೊತ್ತಿಗೆ ತಾಯಂದಿರು ಬಂದು ಸಾಲು ಹಿಡಿದರು. ಕೆಲವರದು ಬುರ್ಖಾ, ಕೆಲವರ ಹಣೆಯಲ್ಲಿ ಕುಂಕುಮ. ಕೂಸುಗಳ ಅಳು ಒಂದಕ್ಕಿಂತ ಒಂದು ಜೋರು. ನಾನೂ ನಿಂತೆ. ನನ್ನ ಪಕ್ಕದವಳು ನನ್ನ ಬರೀ ಕಂಕುಳನ್ನು ನೋಡಿ, ಸ್ವಲ್ಪ ಒತ್ತರಿಸಿಕೊಂಡು ಜಾಗ ಬಿಟ್ಟಳು.

ನಮಾಜು ಬಿಟ್ಟಿತು. ಗಂಡಸರು ಒಬ್ಬೊಬ್ಬರೇ ಊದುತ್ತಾ ಬಂದರು, ನನ್ನನ್ನು ದಾಟಿ ಮುಂದಿನ ಮಗುವಿಗೆ ಹೋದರು. ಅವರದೇನು ತಪ್ಪು, ಊದಲು ಮಗು ಬೇಕಲ್ಲ. ಕೊನೆಯಲ್ಲಿ ಬಂದ ಮುದುಕರೊಬ್ಬರು ಮಾತ್ರ ನಿಂತರು.

'ಮಗು ಎಲ್ಲಮ್ಮ?'

'ಬಂದಿಲ್ಲ ತಾತ' ಅಂದೆ.

'ಏನಾಗೈತೆ?'

'ಅಳ್ತಿಲ್ಲ.'

'ಅಳೋದು ನಿಲ್ಲಿಸ್ತಿಲ್ವಾ?'

'ಇಲ್ಲ ತಾತ. ಅಳ್ತಾನೇ ಇಲ್ಲ.'

ಅವರು ನನ್ನ ಮುಖ ನೋಡಿದರು. ಅವರ ಆಯುಸ್ಸಿನಲ್ಲೇ ಯಾರೂ ಆ ದೂರು ತಂದಿರಲಿಕ್ಕಿಲ್ಲ. ಬಾಟಲಿಯ ಮುಚ್ಚಳ ತೆಗೆಸಿ, ಕಣ್ಣು ಮುಚ್ಚಿ, ಬಹಳ ಹೊತ್ತು ತುಟಿಯಾಡಿಸಿದರು. ಉಳಿದವರಿಗೆಲ್ಲ ಊದಿದ್ದಕ್ಕಿಂತ ಉದ್ದವಾಗಿ ನೀರಿಗೆ ಊದಿದರು. 'ಮಗೂಗೆ ಕುಡ್ಸಮ್ಮ. ಅಳ್ತೈತೆ' ಎಂದು ಹೇಳಿ ಚಪ್ಪಲಿ ಹುಡುಕುತ್ತಾ ಹೊರಟುಹೋದರು.

ವಾಪಸು ಬರುವಾಗ ಬಾಟಲಿಯನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದು ಕೂತಿದ್ದೆ. ಕುಡಿಯಲಿಲ್ಲ. ಮಗುವಿಗೆ ಕುಡಿಸು ಎಂದು ಹೇಳಿ ಕೊಟ್ಟ ನೀರು ಅದು.

ಅತ್ತೆ ಜಗಲಿಯ ಮೇಲೆ ಕಾಯುತ್ತಿದ್ದರು. 'ಊದಿದ್ರಾ?'

'ನೀರಿಗೆ ಊದವ್ರೆ. ಮಗೂಗೆ ಕುಡ್ಸು ಅಂದ್ರು.'

ಅತ್ತೆ ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು. ಪಾತ್ರೆ ಸದ್ದಾಯಿತು. ತಿರುಗಿ ಬಂದಾಗ ಕೈಯಲ್ಲಿ ಒಳಲೆ ಇತ್ತು, ಕಪ್ಪಾಗಿದ್ದುದನ್ನು ಸೆರಗಿನಲ್ಲಿ ಒರೆಸುತ್ತಿದ್ದರು. ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ನೀರು ಬಗ್ಗಿಸಿದರು. ಎಡಗೈಯಲ್ಲಿ ನನ್ನ ಗಲ್ಲ ಹಿಡಿದರು.

'ಬಾಯಿ ತೆಗಿ ಮಗ.'

'ಅತ್ತೆ, ಏನಿದು.'

'ತೆಗಿ.'

ತೆರೆದೆ. ಅರ್ಧ ನೀರು ಗಲ್ಲದ ಮೇಲೆ ಚೆಲ್ಲಿತು. ಕೂಸಿಗೆ ಒರೆಸುವ ಹಾಗೆ ಸೆರಗಿನಿಂದ ಒರೆಸಿ, ಮತ್ತೆ ಒಳಲೆಯ ಮೂತಿಯನ್ನು ತುಟಿಗಿಟ್ಟರು. ಒಂದು ಗುಟುಕು ಒಳಗೆ ಹೋಯಿತು. ಎರಡನೆಯದು ಗಂಟಲಲ್ಲೇ ನಿಂತಿತು. ನುಂಗಲಾಗಲಿಲ್ಲ. ಗಂಟಲು ನೋಯುತ್ತಿತ್ತು, ಅವಳು ಹೋದ ಮೇಲೆ ಮೊದಲ ಸಲ ಏನೋ ನೋಯುತ್ತಿತ್ತು. ಬಾಯಿಂದ ಬಂದ ಸದ್ದು ನನ್ನದೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಅತ್ತೆ ಒಳಲೆ ಕೆಳಗಿಟ್ಟು ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡರು. 'ಅಳು ಮಗ, ಅಳು' ಅನ್ನುತ್ತಾ, ಬೆಚ್ಚಿ ಬಿದ್ದ ಕೂಸಿಗೆ ತಟ್ಟುವ ಹಾಗೆ ಬೆನ್ನು ತಟ್ಟುತ್ತಾ ಕೂತರು.