ಎರಡು ಪಟ್ಟಿ ಕೆಳಗೆ

ನಿಪ್ಪಾಣಿಯಲ್ಲಿ ನಮ್ಮದು ನಾಲ್ಕು ತಲೆಮಾರಿನ ಮನೆತನ. ಊರಿನ ತಂಟೆಗಳು ನಮ್ಮ ಪಡಸಾಲೆಯಲ್ಲೇ ಬಗೆಹರಿಯುತ್ತಿದ್ದವು. ನಮ್ಮನ್ನು ಕೇಳದೆ ನಮ್ಮ ವಿಷಯ ತೀರ್ಮಾನಿಸಿದವರು ಯಾರೂ ಇರಲಿಲ್ಲ. ಚಿಕ್ಕೋಡಿಯಲ್ಲಿ ಸೌಂಡ್ ಸಿಸ್ಟಮ್‌ನವರೊಬ್ಬರು ತೀರ್ಮಾನಿಸಿದರು.

ನಾನು ಚಿಕ್ಕವಳಿದ್ದಾಗ ಕಾನ್ವೆಂಟಿನಲ್ಲಿ ನನಗೆ ಹಾಡು ಕಲಿಸಿದ ಸಿಸ್ಟರ್ ಅವರ ಬೀಳ್ಕೊಡುಗೆ ಸಮಾರಂಭ ಅದು. ಅವರೆದುರು ಒಂದು ಇಂಗ್ಲಿಷ್ ‘ಸೋಲ್’ ಶೈಲಿಯ ಹಾಡು ಹಾಡುತ್ತೇನೆಂದು ಮಾತು ಕೊಟ್ಟಿದ್ದೆ. ಪಿಸುಮಾತಿನಂತೆ ಶುರುವಾಗಿ, ಕೊನೆಗೆ ಒಂದೇ ಉಸಿರಿನಲ್ಲಿ ಮೇಲಿನ ಸ್ವರಕ್ಕೆ ಏರಿ ನಿಲ್ಲಬೇಕಾದ ವಿರಹದ ಹಾಡು. ಗಂಟಲು ಬಿಗಿಯದೆ, ಪಕ್ಕೆಲುಬು ಅರಳಿಸಿ, ಹೊಟ್ಟೆಯಿಂದ ಉಸಿರು ಹಿಡಿಯುವುದನ್ನು ಮೂರು ತಿಂಗಳು ಅಭ್ಯಾಸ ಮಾಡಿದ್ದೆ.

ಹಿನ್ನೆಲೆ ಸಂಗೀತದ ಟ್ರ್ಯಾಕಿಗೆ ದನಿ ಕೂಡಿಸಲು ಹೋಗಿ, ಮೊದಲ ಸಾಲಿಗೇ ನನ್ನ ದನಿ ಪಾತಾಳಕ್ಕಿಳಿಯಿತು. ಹಾಡು ನಿಲ್ಲಿಸಿ, ಏನಾಯಿತೆಂದು ಸೌಂಡಿನವರನ್ನು ಕೇಳಿದೆ.

“ಟ್ರ್ಯಾಕಿನ ಶ್ರುತಿ ಎರಡು ಪಟ್ಟಿ ಇಳಿಸೇನ್ರಿ ಅಕ್ಕಾರ. ಈ ವಯಸ್ಸಿನ್ಯಾಗ ಮ್ಯಾಲಿಂದು ಹತ್ತಂಗಿಲ್ರಿ.”

“ಮೊದಲು ಎಲ್ಲಿತ್ತೋ ಅಲ್ಲೇ ಇಡ್ರಿ.”

“ದನಿ ಒಡದ್ರ ನನ್ನ ಮ್ಯಾಲ ಬರಬಾರದ್ರಿ ಮತ್ತ.”

ಅವರು ಶ್ರುತಿಯನ್ನು ಮತ್ತೆ ಮೊದಲಿನ ಜಾಗಕ್ಕೆ ತಂದರು; ನಾನು ಮೊದಲಿನಿಂದ ಹಾಡಿದೆ. ಕೆಳಗಿನ ಸಾಲುಗಳಲ್ಲಿ ಉಸಿರು ಉಳಿಸಿಕೊಂಡೆ. ಏರುವಾಗ ದವಡೆ ಸಡಿಲಿಸಿ, ಮೈಕನ್ನು ಗೇಣು ದೂರ ಹಿಡಿದೆ. ಸ್ವರ ಹತ್ತಿತು, ನಿಂತಿತು. ಸಿಸ್ಟರ್ ಎದ್ದು ಚಪ್ಪಾಳೆ ತಟ್ಟಿದರು.

ಆಗ ಸೌಂಡಿನವರು ತಮ್ಮ ಮೈಕಿನಲ್ಲಿ ಸಭೆಗೆಲ್ಲ ಹೇಳಿದರು: “ನೋಡ್ರಿ, ನಮ್ಮ ಹೊಸಾ ಮಶೀನ್ ಎಂಥಾ ದನೀನೂ ಏರಸ್ತೈತಿ!”

ಜನ ಮಶೀನಿಗೆ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ಆ ಮನುಷ್ಯ ಅದೇ ಮೈಕಿನಲ್ಲಿ ನನ್ನ ಕ್ಷಮೆ ಕೇಳಬೇಕು.