ಏಳು ಒಲೆಗಳ ನಕ್ಷೆ

ಮೂವತ್ತೇಳನೆಯ ವಯಸ್ಸಿನಲ್ಲಿ ನಾನು ಮತ್ತೆ ಕಾಲೇಜಿಗೆ ಹೋದೆ. ಅದಕ್ಕೆ ಮೊದಲು ಹನ್ನೊಂದು ವರ್ಷ ಹುಬ್ಬಳ್ಳಿಯ ಒಂದು ಸಣ್ಣ ಕಚೇರಿಯಲ್ಲಿ ಕೂತು ಮನೆಗಳ ನಕ್ಷೆ ತೆಗೆಯುತ್ತಿದ್ದೆ. ಮೂವತ್ತು-ನಲವತ್ತರ ನಿವೇಶನ, ಮುಂದೆ ಗಾಡಿ ನಿಲ್ಲಿಸಲು ಜಾಗ, ಆಗ್ನೇಯಕ್ಕೆ ಅಡುಗೆಮನೆ, ಈಶಾನ್ಯಕ್ಕೆ ದೇವರ ಕೋಣೆ. ಕಣ್ಣು ಮುಚ್ಚಿಕೊಂಡೇ ಎಳೆಯಬಹುದಾದಂಥ ಮನೆಗಳು. ಒಮ್ಮೆ ಒಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ನೀರು ಕುಡಿಯಲು ಅಡುಗೆಮನೆ ಹುಡುಕುತ್ತ ಹೋಗಿ ಬಚ್ಚಲಿನ ಬಾಗಿಲು ತೆರೆದೆ. ಆ ಮನೆಯ ನಕ್ಷೆ ತೆಗೆದವಳು ನಾನೇ. ಮನೆಗೆ ಬರುವಾಗ ಬಸ್ಸಿನಲ್ಲಿ ನಗು ಬಂತು, ಸ್ವಲ್ಪ ಹೊತ್ತಿಗೆ ಆ ನಗು ನಿಂತಿತು. ಅದೇ ವಾರ ವಾಸ್ತುಶಿಲ್ಪದಲ್ಲಿ ಎಂ.ಆರ್ಕ್ ಓದಲು ಅರ್ಜಿ ತುಂಬಿದೆ.

ಗಂಡ ಅರ್ಜಿಯನ್ನು ಪೂರ್ತಿ ಓದಿದರು. "ಅಡ್ಮಿಷನ್ ಆದ್ರ ಮನ್ಯಾಗ ರೊಟ್ಟಿ ಬಡಿಯೋರು ಯಾರು?" ಎಂದು ಕೇಳಿದರು. ನನ್ನ ಮುಖ ನೋಡಿ, "ಇರ್ಲಿ, ನಾನ ತರ್ತೇನಿ. ಬೆಂಗೇರ್ಯಾಗ ಛಲೋ ಮಾಡ್ತಾರ" ಎಂದು ಊರಿನದೇ ಒಂದು ಬಡಾವಣೆಯ ಹೆಸರು ಹೇಳಿ ಉತ್ತರವನ್ನೂ ತಾವೇ ಕೊಟ್ಟುಕೊಂಡರು.

ತರಗತಿಯಲ್ಲಿ ನಾವು ಆರು ಜನ. ಉಳಿದ ಐವರೂ ನನಗಿಂತ ಹದಿಮೂರು ಹದಿನಾಲ್ಕು ವರ್ಷ ಚಿಕ್ಕವರು. ಮೊದಲ ದಿನ ನಾನು ಒಳಗೆ ಹೋದಾಗ ಎಲ್ಲರೂ ಎದ್ದು ನಿಂತರು. ಪಾಠ ಹೇಳಲು ಬಂದವಳು ಅಂದುಕೊಂಡಿದ್ದರು. ಹಿಂದಿನ ಬೆಂಚಿಗೆ ಹೋಗಿ ಕೂತ ಮೇಲೆ ಅವರಿಗೆ ತಿಳಿಯಿತು. ಮರುದಿನದಿಂದ ಅಕ್ಕಾ ಆದೆ. ಅವರು ಕಂಪ್ಯೂಟರ್ ಪರದೆಯ ಮೇಲೆ ಕಟ್ಟಡವನ್ನು ಬದನೆಕಾಯಿ ತಿರುಗಿಸಿ ನೋಡಿದ ಹಾಗೆ ತಿರುಗಿಸುತ್ತಿದ್ದರು. ನನಗೆ ಅದು ಬರುತ್ತಿರಲಿಲ್ಲ. ಅವರು ಎಳೆದ ಮೆಟ್ಟಿಲು ಹತ್ತಿದರೆ ತಲೆ ತೊಲೆಗೆ ಬಡಿಯುತ್ತದೆ ಎನ್ನುವುದು ಮಾತ್ರ ನನಗೆ ಕೂಡಲೇ ಕಾಣುತ್ತಿತ್ತು. ಹೀಗೆ ಕೊಟ್ಟು ತೆಗೆದುಕೊಂಡು ಮೊದಲ ವರ್ಷ ಕಳೆಯಿತು.

ಎರಡನೆಯ ವರ್ಷ ಥೀಸಿಸ್, ಅಂದರೆ ಒಂದು ಇಡೀ ಕಟ್ಟಡವನ್ನು ತಾನೇ ಯೋಚಿಸಿ ನಕ್ಷೆ ತೆಗೆಯಬೇಕು. ನಮ್ಮ ಗೈಡ್ ಧಾರವಾಡದ ಒಬ್ಬ ಮೇಡಂ, ನಿವೃತ್ತಿಗೆ ಹತ್ತಿರವಾದವರು, ಅಳೆದು ತೂಗಿ ಮಾತನಾಡುವವರು. ನಾನು ಒಂದು ವಸ್ತುಸಂಗ್ರಹಾಲಯ ಮಾಡುತ್ತೇನೆ ಎಂದೆ. "ಯಾರಿಗೆ ಬೇಕಾಗೇದ?" ಎಂದು ಕೇಳಿದರು. ಮುಂದಿನ ವಾರ ಕಲಾಕೇಂದ್ರ ಎಂದೆ. ಅದೇ ಪ್ರಶ್ನೆ. ಮೂರನೆಯ ವಾರ ಕೈಯಲ್ಲಿ ಏನೂ ಇರಲಿಲ್ಲ, ಮಧ್ಯಾಹ್ನದ ಹೊತ್ತಾಗಿತ್ತು, ಮೇಡಂ ತಮ್ಮ ಡಬ್ಬಿ ಬಿಚ್ಚಿ ನನ್ನದನ್ನೂ ಬಿಚ್ಚಲು ಹೇಳಿದರು. ನನ್ನ ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇತ್ತು. ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, "ಭಾಳ ತೆಳ್ಳಗ ಬಡದಾರ. ಎಲ್ಲಿದು?" ಎಂದರು.

"ಬೆಂಗೇರಿದ್ರಿ. ಅಲ್ಲೊಬ್ಬ ಅಕ್ಕಾರ ಮನ್ಯಾಗ ಏಳು ಮಂದಿ ಹೆಣ್ಮಕ್ಕಳು ಕೂಡಿ ಮಾಡ್ತಾರ."

"ಎಲ್ಲಿ ಕೂತು ಮಾಡ್ತಾರ?"

"ಹಿತ್ತಲದಾಗ ಇರಬೇಕ್ರಿ."

"ಇರಬೇಕು ಅಂದ್ರ? ನೋಡಿಲ್ಲೇನು?"

ನೋಡಿರಲಿಲ್ಲ. ಒಂದೂವರೆ ವರ್ಷದಿಂದ ಅವರ ರೊಟ್ಟಿ ತಿನ್ನುತ್ತಿದ್ದೆ. ಗಂಡನಿಗೆ ಪುರಸೊತ್ತಿಲ್ಲದಾಗ ನಾನೇ ಹೋಗಿ ಬಾಗಿಲಲ್ಲಿ ನಿಂತು ಕಟ್ಟು ತೆಗೆದುಕೊಂಡು ಬಂದದ್ದೂ ಇತ್ತು. ಬಾಗಿಲಿನಾಚೆ ಕಣ್ಣು ಹಾಯಿಸಿರಲಿಲ್ಲ. ಮೇಡಂ ಮತ್ತೊಂದು ತುಂಡು ಮುರಿದುಕೊಂಡು, "ಹೋಗಿ ನೋಡಿ ಬರ್ರಿ" ಎಂದರು. ನನ್ನ ಥೀಸಿಸ್ಸಿನ ವಿಷಯ ನಿಶ್ಚಯವಾದದ್ದು ಹೀಗೆ.

ಮರುದಿನ ಬೆಳಿಗ್ಗೆ ಟೇಪು, ವಹಿ ಹಿಡಿದು ಬೆಂಗೇರಿಗೆ ಹೋದೆ. ಅಕ್ಕಾರು ಐವತ್ತೈದರ ಆಸುಪಾಸಿನವರು, ಹಣೆಯ ಮೇಲೆ ಅಗಲ ವಿಭೂತಿ, ಕೈತುಂಬ ಹಸಿರು ಬಳೆ. ಅಲ್ಲಿನ ಕೆಲಸ ಶುರುಮಾಡಿದವರೂ ಅವರೇ. ಟೇಪು ಕಂಡದ್ದೇ ತಡ, "ಪರವಾನಗಿ ಎಲ್ಲಾ ಐತ್ರಿ ನಮ್ದು" ಎಂದು ಕಾಗದ ತರಲು ಒಳಗೆ ಹೊರಟರು. ನಾನು ಮಹಾನಗರಪಾಲಿಕೆಯವಳಲ್ಲ, ಓದುತ್ತಿರುವವಳು ಎಂದು ತಿಳಿಸಲು ಸ್ವಲ್ಪ ಹೊತ್ತು ಹಿಡಿಯಿತು.

"ಓದಾಕತ್ತೀರಿ? ಈ ವಯಸ್ಸಿನ್ಯಾಗ?"

"ಹೌದ್ರಿ ಅಕ್ಕಾರ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಛಲೋ ಆತು ಬಿಡ್ರಿ. ಬರ್ರಿ, ಕುಂದರ್ರಿ. ಆದ್ರ ಇಲ್ಲಿ ಬರೇ ಕುಂದ್ರೂ ಹಂಗಿಲ್ಲ. ಕುಂತವರು ರೊಟ್ಟಿ ಬಡೀಬೇಕು."

ಹಿತ್ತಲಲ್ಲಿ ತಗಡಿನ ಕೆಳಗೆ ಏಳು ಕಟ್ಟಿಗೆ ಒಲೆಗಳು ಉರಿಯುತ್ತಿದ್ದವು. ಹೊಗೆ ತಗಡಿಗೆ ಬಡಿದು ಮತ್ತೆ ಮುಖಕ್ಕೇ ಇಳಿಯುತ್ತಿತ್ತು. ನನ್ನ ಮೊದಲ ರೊಟ್ಟಿ ಹಲಗೆಯ ಮೇಲೆ ಮೂರು ಕಡೆ ಸೀಳಿತು. ಪಕ್ಕದಲ್ಲಿದ್ದವಳು ಕೈ ನಿಲ್ಲಿಸದೆ ಅದನ್ನು ನೋಡಿ, "ಇದಕ್ಕೂ ಒಂದು ನಕ್ಷೆ ತಗೀರಿ ಮೇಡಂ" ಎಂದಳು. ಏಳೂ ಮಂದಿ ನಕ್ಕರು. ನಾನೂ ನಕ್ಕೆ.

ಒಂದು ತಿಂಗಳು ವಾರಕ್ಕೆ ಮೂರು ದಿನ ಹೋದೆ. ಯಾರು ಎಲ್ಲಿಂದ ನೀರು ತರುತ್ತಾರೆ, ಹಿಟ್ಟಿನ ಚೀಲ ಎಲ್ಲಿ ಇಳಿಯುತ್ತದೆ, ಬೆಂದ ರೊಟ್ಟಿ ಎಲ್ಲಿ ಒಣಗುತ್ತದೆ ಎಲ್ಲವನ್ನೂ ಬರೆದುಕೊಂಡೆ. ಆಮೇಲೆ ಮನೆಯಲ್ಲಿ ಕೂತು ಹೊಸ ರೊಟ್ಟಿ ಮನೆಯ ನಕ್ಷೆ ತೆಗೆದೆ. ಏಳು ಒಲೆ ಒಂದೇ ಸಾಲಿನಲ್ಲಿ, ಎಲ್ಲರ ಬೆನ್ನಿಗೆ ಬೆಳಕು. ಎರಡೂ ಕಡೆ ದೊಡ್ಡ ಕಿಟಕಿ, ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗಬೇಕು. ನಡುವೆ ಪುಟ್ಟ ಅಂಗಳ, ಅಂಗಳಕ್ಕೊಂದು ಬೇವಿನ ಗಿಡ. ಆ ಅಂಗಳದ ಮೇಲೆ ನನಗೆ ಬಹಳ ಪ್ರೀತಿ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಮನೆಗೂ ಅಂಗಳ ಕೊಡಲು ಆಗಿರಲಿಲ್ಲ.

ಹಾಳೆಯನ್ನು ಬೆಂಗೇರಿಗೆ ಒಯ್ದು ಹಾಸಿದೆ. ಎಲ್ಲರೂ ಸೆರಗಿಗೆ ಕೈ ಒರೆಸಿಕೊಂಡು ಸುತ್ತ ನಿಂತರು. ಒಬ್ಬಳು ಒಲೆಯ ಗುರುತು ತೋರಿಸಿ, "ಇದು ಬಾವೀನ್ರಿ?" ಎಂದು ಕೇಳಿದಳು. ಕೊನೆಗೆ ಎಲ್ಲರೂ "ಛಲೋ ಐತ್ರಿ" ಎಂದರು. ನಾನು ಕುಣಿಯುತ್ತ ಧಾರವಾಡದ ಬಸ್ಸು ಹತ್ತಿ ಮೇಡಂ ಮನೆಗೆ ಹೋಗಿ ಹೇಳಿದೆ.

ಮೇಡಂ ಕೇಳಿದರು, "ಏಳೂ ಮಂದಿ ಛಲೋ ಅಂದ್ರೇನು? ಒಬ್ಬರೂ ತಕರಾರು ಮಾಡ್ಲಿಲ್ಲ?"

"ಇಲ್ರಿ."

"ಹಂಗಾರ ಒಬ್ಬರಿಗೂ ತಿಳದಿಲ್ಲ."

ಮಾತು ನೆಟ್ಟಗೆ ಎದೆಗೆ ತಾಕಿತು. ಎರಡು ದಿನ ಬೆಂಗೇರಿಗೆ ಹೋಗಲಿಲ್ಲ. ಮೂರನೆಯ ದಿನ ಹೋಗಿ ಅಕ್ಕಾರ ಪಕ್ಕದಲ್ಲಿ ಕೂತು, "ಖರೇ ಹೇಳ್ರಿ, ಆ ಹಾಳಿ ಮ್ಯಾಲಿಂದು ನಿಮಗ ತಿಳೀತೇನು?" ಎಂದು ಕೇಳಿದೆ.

ಅಕ್ಕಾರು ರೊಟ್ಟಿಯನ್ನು ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ಆಮೇಲೆ ಹೇಳಿದರು. "ಇಲ್ಲ ತಂಗಿ. ನೀ ಅಷ್ಟು ಕಷ್ಟಪಟ್ಟು ಬರದೀದಿ, ಹೆಂಗ ಅನ್ನೋದು ಅಂತ ಸುಮ್ಮನಾದ್ವಿ. ಈ ಮನಿ ಕಟ್ಟೋಮುಂದ ಗೌಂಡಿ ನೆಲದ ಮ್ಯಾಲ ಸುಣ್ಣದ ಗೆರಿ ಹಾಕಿದ್ದ. ಆವಾಗ ನೋಡು, ನನಗ ಎಲ್ಲಾ ತಿಳೀತು. ಅಡಗಿಮನಿ ಸಣ್ಣದಾತು ಅಂತ ಅಲ್ಲೇ ನಿಂತು ಜಗಳಾ ತಗದು ಎರಡು ಫೂಟು ಬೆಳಸಿದೆ."

ಅವರ ಬಾಯಲ್ಲಿ ನಾನು 'ಮೇಡಂ' ಹೋಗಿ 'ತಂಗಿ' ಆಗಿದ್ದೆ ಎನ್ನುವುದು ಆ ಹೊತ್ತಿಗೆ ಗಮನಕ್ಕೆ ಬರಲಿಲ್ಲ. ನನ್ನ ತಲೆಯಲ್ಲಿ ಆಗಲೇ ಸುಣ್ಣದ ಪುಡಿ ಸುರಿಯುತ್ತಿತ್ತು.

ಭಾನುವಾರ ಅವರಿಗೆ ರಜೆ. ಮನೆಯ ಹಿಂದೆ ಒಂದು ಖಾಲಿ ನಿವೇಶನವಿತ್ತು, ಅದರ ಮಾಲೀಕರನ್ನು ಅಕ್ಕಾರೇ ಕೇಳಿ ಒಪ್ಪಿಸಿದ್ದರು. ಬೆಳಿಗ್ಗೆ ನನ್ನ ಇಬ್ಬರು ಸಹಪಾಠಿಗಳು ಬಂದರು. ದಾರ ಹಿಡಿದು, ಸುಣ್ಣ ಸುರಿದು, ಹಾಳೆಯ ಮೇಲಿದ್ದ ಇಡೀ ಕಟ್ಟಡವನ್ನು ಇದ್ದಷ್ಟೇ ಅಳತೆಯಲ್ಲಿ ನೆಲದ ಮೇಲೆ ಎಳೆದೆವು. ಒಲೆಯ ಜಾಗದಲ್ಲಿ ಮೂರು ಮೂರು ಇಟ್ಟಿಗೆ ಇಟ್ಟೆವು, ಕಿಟಕಿಯ ಜಾಗದಲ್ಲಿ ಜೋಡಿ ಗೆರೆ ಎಳೆದೆವು. ಹತ್ತು ಗಂಟೆಗೆ ಏಳೂ ಮಂದಿ ಹಲಗೆ, ಬುಟ್ಟಿ, ಕೊಡ ಹಿಡಿದು ಬಂದರು.

ಮೊದಲು ಬಂದವಳು ನೆಟ್ಟಗೆ ಗೆರೆ ದಾಟಿ ಒಳಗೆ ಹೋದಳು. ಅಕ್ಕಾರು ತಡೆದರು. "ಗ್ವಾಡಿ ಐತಲ್ಲ ಅಲ್ಲಿ. ಬಾಗಲದಿಂದ ಬಾ." ಅವಳು ಹಿಂದೆ ಹೋಗಿ ಗೆರೆ ಇಲ್ಲದ ಕಡೆಯಿಂದ ಬಂದಳು. ಆಮೇಲೆ ಯಾರೂ ಗೋಡೆ ದಾಟಲಿಲ್ಲ. ಸಾಲಾಗಿ ಕೂತರು. ಹಿಟ್ಟಿಲ್ಲದೆ, ಬೆಂಕಿಯಿಲ್ಲದೆ, ಬರಿಗೈಯಲ್ಲಿ ಬಡಿಯತೊಡಗಿದರು. ಐದು ನಿಮಿಷಕ್ಕೆ ತಕರಾರು ಶುರುವಾಯಿತು.

"ಹಿಂಗ ಸಾಲಾಗಿ ಕುಂತ್ರ ಯಾರ ಮಾರಿ ಕಾಣತೈತಿ? ಮಾತಾಡೋದು ಹೆಂಗ?"

"ಮಾತಿಲ್ಲಂದ್ರ ನನಗ ಕೈ ನಡ್ಯಾಂಗಿಲ್ಲವಾ."

"ನೀರು ಅಲ್ಲೆಲ್ಲೋ ಅಂಗಳದ ಆ ಕಡೆ. ನನ್ನ ಮೊಣಕಾಲು ಏನಾಗಬೇಕು?"

"ಈ ಕಿಡಕಿ ಪಡುವಣಕ ಐತಲ್ಲ, ಮಳಿಗಾಲದ ಗಾಳಿ ಬಂದು ಒಲಿಯಾಗಿನ ಹೊಗಿ ಎಲ್ಲಾ ಕಣ್ಣಿಗೇ ಹೊಡೀತೈತಿ."

ನಾನು ವಹಿಯಲ್ಲಿ ಬರೆಯುತ್ತ ನಿಂತೆ. ಮೊದಮೊದಲು ಒಂದೊಂದು ಮಾತಿಗೂ ಕಿವಿ ಬಿಸಿಯಾಯಿತು. ಕಾಲೇಜಿನ ಹುಡುಗರ ಮುಂದೆ ಬೇರೆ. ಅಕ್ಕಾರು ಪೊರಕೆ ಹಿಡಿದು ನನ್ನ ಅಂಗಳದ ಹತ್ತಿರ ಬಂದು, "ಇದು ಏನು?" ಎಂದರು. ಅಂಗಳ ಎಂದೆ. "ಇಲ್ಲಿ ಹಿಟ್ಟಿನ ಚೀಲ ಇಟ್ರ ಎಲ್ಲಾರಿಗೂ ಸಮೀಪ ಆಗ್ತೈತಿ" ಎಂದು ಪೊರಕೆಯಿಂದ ಎರಡು ಗೆರೆ ಅಳಿಸಿದರು. ಬೇವಿನ ಗಿಡ ಅಲ್ಲೇ ಹೋಯಿತು. ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಸುಣ್ಣದ ಡಬ್ಬಿ ನನ್ನ ಕೈಯಲ್ಲೇ ಇತ್ತು. ಅವರು ಅಳಿಸಿದಲ್ಲಿ ನಾನು ಎಳೆಯಬೇಕು. ಎಳೆಯುತ್ತ ಎಳೆಯುತ್ತ ನನಗೂ ಹುಮ್ಮಸ್ಸು ಬಂತು. ಒಲೆಗಳು ಕುದುರೆ ಲಾಳದ ಆಕಾರಕ್ಕೆ ಬಂದವು. ವಹಿಯಲ್ಲಿ ಪಡುವಣ ಗೋಡೆಯ ಕಿಟಕಿ ಚಿಕ್ಕದಾಗಿ ಮೇಲಕ್ಕೆ ಹೋಯಿತು. ಮೊಣಕಾಲು ನೋವಿನವಳಿಗಾಗಿ ಒಂದು ಒಲೆಯ ಮುಂದೆ ಒಂದು ಗೇಣು ಎತ್ತರದ ಕಟ್ಟೆ ಬಂತು. ಅವಳು ನಾಲ್ಕು ಇಟ್ಟಿಗೆಯ ಮೇಲೆ ಕೂತು, ಎದ್ದು, ಮತ್ತೆ ಕೂತು, "ಇನ್ನ ಅರ್ಧ ಇಟ್ಟಂಗಿ ಏರಸ್ರಿ" ಎಂದಳು.

ಅಷ್ಟರಲ್ಲಿ ಓಣಿಯವರು ನೆರೆದಿದ್ದರು. ಹಿರಿಯರೊಬ್ಬರು ಕೋಲೂರಿಕೊಂಡು ಬಂದು ಪೂರ್ತಿ ನೋಡಿ, "ಒಲಿ ಆಗ್ನೇಯಕ್ಕ ಇರಬೇಕಲ್ಲವಾ" ಎಂದರು.

"ಏಳು ಒಲಿ ಅದಾವ್ರಿ ಕಾಕಾ" ಎಂದರು ಅಕ್ಕಾರು. "ಎಲ್ಲಾ ಒಂದ ಮೂಲ್ಯಾಗ ಇಟ್ರ ನಾವು ಎಲ್ಲಿ ಕುಂದ್ರೂಣು?"

ಕಾಕಾ ಯೋಚನೆ ಮಾಡಿ, "ಅದೂ ಖರೇನ" ಎಂದು ನೆರಳಿಗೆ ಹೋಗಿ ಕೂತರು.

ಹೊಸ ನಕ್ಷೆಯನ್ನು ಮೇಡಂ ಮೂಲೆಯಿಂದ ಮೂಲೆಗೆ ನೋಡಿದರು. ತಿದ್ದಲು ಹಿಡಿದಿದ್ದ ಕೆಂಪು ಪೆನ್ನಿನ ಟೊಪ್ಪಿಗೆ ಹಾಕಿ ಬದಿಗಿಟ್ಟರು. ಅವರ ಮಟ್ಟಿಗೆ ಅದೇ ದೊಡ್ಡ ಮಾತು.

ಕೊನೆಯ ಪರೀಕ್ಷೆಯ ದಿನ ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ಹಾಳೆಗಳನ್ನು ಗೋಡೆಗೆ ಹಚ್ಚಿ, ಮುಂದೆ ಮಾದರಿ ಇಟ್ಟು ವಿವರಿಸಬೇಕು. ಅದಕ್ಕೆ ಜ್ಯೂರಿ ಅನ್ನುತ್ತಾರೆ. ಅಕ್ಕಾರು ತಾವೂ ಬರುತ್ತೇವೆ ಎಂದರು. ಕಾಲೇಜು ಒಪ್ಪಿತು. ಇಳಕಲ್ ಸೀರೆ ಉಟ್ಟು ಅಕ್ಕಾರು, ಜೊತೆಗೆ ಮೊಣಕಾಲು ನೋವಿನವಳು, ಬಂದು ಹಿಂದಿನ ಕುರ್ಚಿಗಳಲ್ಲಿ ಕೂತರು. ಪರೀಕ್ಷಕರು ಮೈಸೂರು ಕಡೆಯವರು, ಮೃದುವಾಗಿ ಮಾತನಾಡುವವರು. ಎಲ್ಲ ಕೇಳಿದ ಮೇಲೆ ಮಾದರಿಯ ಮೇಲೆ ಬಗ್ಗಿದರು. ಹೊಗೆ ಹೋಗಲೆಂದು ಛಾವಣಿಯ ನಡುಭಾಗವನ್ನು ಕತ್ತರಿಸಿ, ಒಂದಡಿ ಮೇಲಕ್ಕೆ ಎತ್ತಿ ಇನ್ನೊಂದು ಪುಟ್ಟ ಛಾವಣಿ ಕೂಡಿಸಿದ್ದೆ. ಅದು ಪೂರ್ತಿ ನನ್ನ ಸ್ವಂತದ್ದು. ನೆಲದ ಮೇಲಿನ ಸುಣ್ಣಕ್ಕೆ ಛಾವಣಿ ಇರಲಿಲ್ಲವಲ್ಲ.

"ಈ ಭಾಗ ತುಂಬ ಚೆನ್ನಾಗಿದೆಯಮ್ಮಾ" ಎಂದರು ಪರೀಕ್ಷಕರು.

"ಅದು ಸೋರತೈತ್ರಿ" ಎಂದು ಹಿಂದಿನಿಂದ ದನಿ ಬಂತು.

ಎಲ್ಲರೂ ತಿರುಗಿ ನೋಡಿದರು. ಅಕ್ಕಾರು ಎದ್ದು ಮುಂದೆ ಬಂದಿದ್ದರು. ಅವರು ಛಾವಣಿ ನೋಡುತ್ತಿದ್ದದ್ದು ಅದೇ ಮೊದಲು. "ಇಲ್ರಿ ಅಕ್ಕಾರ, ಮ್ಯಾಲ ಮತ್ತೊಂದು ತಗಡ ಐತಲ್ಲ" ಎಂದೆ.

"ನಮ್ಮ ಕಡೆ ಮಳಿ ನೆಟ್ಟಗ ಬೀಳಾಂಗಿಲ್ಲ ತಂಗಿ, ಅಡ್ಡ ಹೊಡೀತೈತಿ. ನೀರು ಹಾಕಿ ನೋಡೂಣೇನು?"

ನಾನು ಪರೀಕ್ಷಕರ ಮುಖ ನೋಡಿದೆ. ಅವರು ತಮ್ಮ ನೀರಿನ ಬಾಟಲಿಯನ್ನೇ ಮುಂದೆ ಮಾಡಿದರು. ಮಾದರಿಯ ಛಾವಣಿಯನ್ನು ತೆಳು ತಗಡಿನಲ್ಲಿ ಮಾಡಿದ್ದರಿಂದ ಬಚಾವಾಯಿತು. ಅಕ್ಕಾರು ಅಂಗೈಯಲ್ಲಿ ನೀರು ತೆಗೆದುಕೊಂಡು ಪಡುವಣ ದಿಕ್ಕಿನಿಂದ ಓರೆಯಾಗಿ ಚಿಮುಕಿಸಿದರು. ಪರೀಕ್ಷಕರ ಅಂಗಿಯೂ ಸ್ವಲ್ಪ ತೋಯಿತು. ಬಗ್ಗಿ ನೋಡಿದರೆ ನಾಲ್ಕನೆಯ ಒಲೆಯ ಮೇಲೆ ಎರಡು ಹನಿ.

ಆಮೇಲೆ ನಾನು ಮಾಡಿದ್ದೆಲ್ಲ ಯೋಚಿಸಿ ಮಾಡಿದ್ದಲ್ಲ. ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಫೈಲಿನ ರಟ್ಟು ಕತ್ತರಿಸಿದೆ, ಮೇಲಿನ ಪುಟ್ಟ ಛಾವಣಿಯ ಅಂಚನ್ನು ಪಡುವಣಕ್ಕೆ ಮುಂದೆ ಚಾಚಿ, ತುಸು ಬಾಗಿಸಿ, ಟೇಪು ಹಚ್ಚಿದೆ. "ಈಗ ಹಾಕ್ರಿ" ಎಂದೆ. ಅಕ್ಕಾರು ಈ ಸಲ ಜೋರಾಗಿಯೇ ಚಿಮುಕಿಸಿದರು. ಒಳಗೆ ಒಂದು ಹೊಸ ಹನಿಯೂ ಬೀಳಲಿಲ್ಲ. "ಇಷ್ಟು ಮುಂದ ತಂದ್ರ ಹೊಗಿ ಹೋಗತೈತೇನು?" ಎಂದು ಕೇಳಿದರು. ಬಿಸಿ ಗಾಳಿ ಹೇಗೆ ಏರುತ್ತದೆ, ಎಷ್ಟು ಸಂದಿ ಬಿಟ್ಟರೆ ಸಾಕು ಎಂದು ಅವರಿಗೆ ಕೈಮಾಡಿ ವಿವರಿಸುತ್ತ ಹೋದೆ. ಪರೀಕ್ಷಕರು ಇದ್ದಾರೆ ಎನ್ನುವುದೇ ಮರೆತಿತ್ತು. ಅಕ್ಕಾರು ಮಾದರಿಯ ಸುತ್ತ ಒಂದು ಸಲ ನಡೆದು ಬಂದು, "ಹಂಗಾರ ಆತು" ಎಂದು ಕುರ್ಚಿಗೆ ಮರಳಿದರು. ಪರೀಕ್ಷಕರು ಕರವಸ್ತ್ರದಿಂದ ತೋಳು ಒರೆಸಿಕೊಳ್ಳುತ್ತ, "ನನ್ನದು ಇನ್ನೇನೂ ಪ್ರಶ್ನೆ ಇಲ್ಲ" ಎಂದರು.

ಮೊದಲ ಸ್ಥಾನ ಬಂದದ್ದು ಕ್ರೀಡಾಂಗಣ ಮಾಡಿದ ಹುಡುಗನಿಗೆ. ನನಗೆ ಒಳ್ಳೆಯ ಅಂಕಗಳೇ ಬಂದವು. ಆ ಕಟ್ಟಡ ಹಾಳೆಯಲ್ಲಿದ್ದಂತೆ ಎದ್ದು ನಿಲ್ಲಲಿಲ್ಲ. ಅಷ್ಟು ಜಾಗ ಅವರಿಗೆ ಇರಲೂ ಇಲ್ಲ. ಆದರೆ ಬೇಸಿಗೆಯಲ್ಲಿ ಒಂದು ವಾರ ಕೆಲಸ ನಿಲ್ಲಿಸಿ ಹಿತ್ತಲಿನ ಹಳೆಯ ತಗಡಿನ ನಡುಭಾಗವನ್ನು ಎತ್ತಿಸಿದರು, ಒಲೆಗಳನ್ನು ಲಾಳದ ಆಕಾರಕ್ಕೆ ಸರಿಸಿದರು, ಕಟ್ಟೆ ಕಟ್ಟಿಸಿದರು. ಗೌಂಡಿ ಅಂಚನ್ನು ಇಷ್ಟು ಚಾಚುವುದು ಬೇಡ ಎಂದನಂತೆ. ನಾನು ಹೋಗುವಷ್ಟರಲ್ಲಿ ಅಕ್ಕಾರೇ ಅವನಿಗೆ ಬಿಸಿ ಗಾಳಿಯ ಪಾಠ ಹೇಳಿ ಮುಗಿಸಿದ್ದರು.

ಈಗ ನಾನು ಸ್ವಂತ ಕಚೇರಿ ಇಟ್ಟುಕೊಂಡಿದ್ದೇನೆ. ಕೆಲಸ ಮತ್ತೆ ಅದೇ, ಮೂವತ್ತು-ನಲವತ್ತರ ಮನೆಗಳು. ನಕ್ಷೆ ಮುಗಿಸುವ ಮೊದಲು ಮಾತ್ರ ಗಾಡಿಯಲ್ಲಿ ಸುಣ್ಣದ ಚೀಲ ಇಟ್ಟುಕೊಂಡು ನಿವೇಶನಕ್ಕೆ ಹೋಗುತ್ತೇನೆ. ಹೋದ ವಾರ ಧಾರವಾಡದ ಹತ್ತಿರದ ಅಮ್ಮಿನಬಾವಿಯಲ್ಲಿ ಗಂಡಹೆಂಡತಿ ಇಬ್ಬರನ್ನೂ ಅವರ ಸುಣ್ಣದ ಅಡುಗೆಮನೆಯೊಳಗೆ ನಿಲ್ಲಿಸಿದ್ದೆ. ಫ್ರಿಜ್ ಎಲ್ಲಿರಬೇಕು ಎನ್ನುವುದಕ್ಕೆ ಜಗಳ ಹತ್ತಿತು. ಗಂಡ ಸಿಟ್ಟಿನಿಂದ ಗೋಡೆಯ ಗೆರೆಯ ಕಡೆಗೇ ಹೊರಟ. ಹೆಂಡತಿ, "ಬಾಗಲಾ ಆ ಕಡೆ ಐತ್ರಿ" ಎಂದಳು. ಅವನು ನಿಂತ, ನಕ್ಕ, ತಿರುಗಿ ಬಾಗಿಲಿನ ಕಡೆಗೆ ಹೋದ. ನಾನು ಒಂದು ಕಲ್ಲಿನ ಮೇಲೆ ಕೂತು, ಅವರಿಬ್ಬರೂ ಒಂದು ಮಾತಿಗೆ ಬರಲಿ ಎಂದು ಕಾದೆ.