ಬೂಸ್ಟು ಹುಟ್ಟದಂತೆ ಕಾದ ಪದ್ಮಕ್ಕ

ಪದ್ಮಕ್ಕ ಫ್ರಿಜ್ಜಿನೊಳಗೆ ತಲೆ ತೂರಿಸಿ, ಅದರ ಗೋಡೆಗೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿ ಕೂರುವುದನ್ನು ಮೊದಲ ಸಲ ನೋಡಿದವರು ಈ ಹೆಂಗಸಿಗೆ ಏನೋ ಆಗಿದೆ ಎಂದೇ ತಿಳಿಯುತ್ತಿದ್ದರು. ಆ ಸುದ್ದಿ ಕೇಳಿ ನಾನೂ ಹಾಗೇ ತಿಳಿದಿದ್ದೆ. "ಬೆರಳಿಗೆ ಹಸಿ ತಿಳಿಯೂದಿಲ್ಲ ತಂಗೀ, ಪಾತ್ರಿ ತಿಕ್ಕಿ ತಿಕ್ಕಿ ಜಡ್ಡ ಬಿದ್ದಾವ. ಗಲ್ಲ ಸುಳ್ಳು ಹೇಳೂದಿಲ್ಲ" ಎನ್ನುತ್ತಿದ್ದರು.

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಗೋಡೆಗೆ ಅವರ ಗೋಡೆ. ಯಜಮಾನರು ಜಿನ್ನಪ್ಪ ಕಾಕಾ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಆಯುಷ್ಯ ಕಳೆದವರು. ನಿವೃತ್ತಿಯಾದ ಮೇಲೆ ಹಳೆಯ ಟೆಂಪೋ ಒಂದನ್ನು ಕ್ಯಾಂಪರ್ ಗಾಡಿ ಮಾಡಿಕೊಂಡಿದ್ದರು. ಒಳಗೇ ಹಾಸಿಗೆ, ಒಲೆ, ಮೂಲೆಯಲ್ಲಿ ಮೊಣಕಾಲೆತ್ತರದ ಫ್ರಿಜ್. ಚಳಿ ಬಿತ್ತೆಂದರೆ ಗಂಡ ಹೆಂಡತಿ ಕಣಕುಂಬಿಯ ಕಾಡಿನಂಚಿಗೆ ಹೋಗಿ ಬೇಕಾದಷ್ಟು ದಿನ ಇದ್ದು ಬರುವರು. ಫ್ರಿಜ್ಜು ಇದ್ದದ್ದು ಕಾಕಾನ ಇನ್ಸುಲಿನ್ನಿಗೆ, ಒಂದಿಷ್ಟು ಹಾಲಿಗೆ. ಪದ್ಮಕ್ಕ ಹೊತ್ತು ಮುಳುಗುವ ಮುಂಚೆ ಉಣ್ಣುವ ಜೈನರ ಮನೆಯವರು, ತಂಗಳು ಮುಟ್ಟುವವರಲ್ಲ. ನಮ್ಮ ಅಡುಗೆಮನೆಗೆ ಬಂದು ನನ್ನ ಮೊನ್ನೆಯ ಸಾರು ಕಂಡರೆ ಮೂಗು ಮುರಿದು, "ಫ್ರಿಜ್ ಅಂದ್ರ ಹಳೇದನ್ನ ಕೂಡಿಡೂ ಕಪಾಟೇನು?" ಎಂದು ಕೇಳುವರು. ನನಗೆ ಸಿಟ್ಟು ಬರುತ್ತಿತ್ತು. ಸಾರನ್ನು ಮಾತ್ರ ನಾನು ಚೆಲ್ಲುತ್ತಿರಲಿಲ್ಲ.

ಮಳೆಗಾಲದಲ್ಲಿ ನೆಲದ ತುಂಬ ಸಣ್ಣ ಜೀವಗಳು ಹುಟ್ಟುತ್ತವೆ, ತುಳಿಯಬಾರದೆಂದು ಜೈನ ಮುನಿಗಳು ಚಾತುರ್ಮಾಸ ಮುಗಿಯುವವರೆಗೆ ಒಂದೇ ಊರಲ್ಲಿ ನಿಲ್ಲುತ್ತಾರೆ. ಪದ್ಮಕ್ಕನ ಗಾಡಿಯೂ ಆಗ ನಿಲ್ಲುತ್ತಿತ್ತು. ನಮ್ಮ ಓಣಿಯಲ್ಲಿ ಜಾಗವಿಲ್ಲ, ಹಾಗಾಗಿ ಖಾನಾಪುರದಲ್ಲಿ ಅವರ ತಮ್ಮನ ಹಂಚಿನ ಗೋದಾಮಿನಲ್ಲಿ. ಮೊದಲ ವರ್ಷ ಕಾಕಾ, ಧೂಳು ಇಲಿ ಹೊಗಬಾರದೆಂದು ಫ್ರಿಜ್ಜಿನ ಬಾಗಿಲನ್ನು ಗಟ್ಟಿಯಾಗಿ ಮುಚ್ಚಿ ಮೇಲೆ ಟೇಪು ಸುತ್ತಿ ಬಂದರು. ದೀಪಾವಳಿಗೆ ತೆರೆದರೆ ಒಳಗೆಲ್ಲ ಜಮಖಾನೆ ಹಾಸಿದಂತೆ ಬೂಸ್ಟು. ಪದ್ಮಕ್ಕ ಒದ್ದೆ ಬಟ್ಟೆ ಹಿಡಿದು ಒರೆಸಲಾರದೆ ಕೂತರಂತೆ. ಒರೆಸಿದರೆ ಅಷ್ಟೂ ಜೀವ ಸಾಯುತ್ತವೆ, ಒರೆಸದಿದ್ದರೆ ಗಂಡನ ಔಷಧ ಇಡುವಂತಿಲ್ಲ. ಕೊನೆಗೆ ಒರೆಸಿದರು, ಮರುದಿನ ಉಪವಾಸ ಇದ್ದರು. "ನಮ್ಮಾಕಿ ಬೂಸ್ಟಿಗೆ ಸೂತಕ ಹಿಡದಾಳ್ರೀ" ಎಂದು ಕಾಕಾ ಓಣಿಗೆಲ್ಲ ಡಂಗುರ ಸಾರಿದರು. ಪದ್ಮಕ್ಕನಿಗೆ ನಗು ಬರಲಿಲ್ಲ. "ಹುಟ್ಟಿದ ಮ್ಯಾಲ ಒರಸೂದು ಹಿಂಸಾ. ಹುಟ್ಟದಂಗ ನೋಡಕೊಳ್ಳೂದು ಧರ್ಮ" ಎಂದರು.

ಆಮೇಲೆ ಆ ಧರ್ಮ ಬಿಡಲಿಲ್ಲ. ಗಾಡಿ ನಿಲ್ಲಿಸಿದ ದಿನವೇ ಕರೆಂಟು ತೆಗೆದು, ಕಟ್ಟಿದ ಮಂಜು ಕರಗಿಸಿ, ಉಗುರುಬೆಚ್ಚಗಿನ ಸೋಡಾ ನೀರಿನಲ್ಲಿ ಒಳಗೆಲ್ಲ ತೊಳೆಯುವರು. ಬಾಗಿಲ ರಬ್ಬರಿನ ಮಡಿಕೆಗಳಲ್ಲಿ ಬಟ್ಟೆ ಸುತ್ತಿದ ಬೆರಳಾಡಿಸುವರು. ಬಾಗಿಲು ಮುಚ್ಚಿಕೊಳ್ಳದಂತೆ ಕಟ್ಟಿಗೆ ತುಂಡು ಸಿಕ್ಕಿಸಿ, ಹಸಿ ಹೀರಲೆಂದು ಒಳಗೊಂದು ಬಟ್ಟಲು ಇದ್ದಿಲು ಇಡುವರು. ಖಾನಾಪುರದ ಮಳೆಗೆ ಅಷ್ಟು ಸಾಲದು. ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ, ಒಣ ಬಟ್ಟೆಯಲ್ಲಿ ಒರೆಸಿ, ಇದ್ದಿಲು ಬದಲಿಸಿ, ಕೆನ್ನೆ ಒತ್ತಿ ನೋಡಿ ಬರುವರು. ಚಾತುರ್ಮಾಸದಲ್ಲಿ ನೀವು ಮಾತ್ರ ತಿರುಗಬಹುದೇನು ಎಂದು ಕೆಣಕಿದರೆ, "ನಾ ಏನ ಮುನಿ ಅದೀನೇನ? ಸಂಸಾರ ಐತಿ ನಂಗ" ಎನ್ನುವರು.

ಹೋದ ವರ್ಷ ಬೇಸಿಗೆಯ ಕೊನೆಗೆ ಕಾಕಾನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ಅದಕ್ಕಿಂತ ಕೆಟ್ಟದ್ದೆಂದರೆ ಊಟ ಬೇಡವಾಯಿತು. ತುತ್ತು ಬಾಯಿಗೆ ತಂದರೆ ಮುಖ ತಿರುಗಿಸುವರು. ಸಕ್ಕರೆ ಕಾಯಿಲೆಯ ಮನುಷ್ಯ ಹೀಗೆ ಊಟ ಬಿಟ್ಟರೆ ಉಳಿಯುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಪದ್ಮಕ್ಕ ಖಾನಾಪುರದಿಂದ ಬಂದ ಸಂಜೆ ಮಾತ್ರ ಕಾಕಾ ತಾವಾಗಿ ಕತ್ತು ಹೊರಳಿಸಿ ಕೇಳುವರು.

"ಒಣಾ ಐತಿ?"

"ಐತ್ರಿ. ಚಳಿ ಬೀಳಲಿ, ಕಣಕುಂಬಿಗೆ ಹೋಗೂಣು. ನೀವು ಉಂಡು ಗಟ್ಟಿ ಆಗ್ರಿ."

ಅವತ್ತು ಎರಡು ತುತ್ತು ಹೆಚ್ಚು ಇಳಿಯುತ್ತಿತ್ತು. ವಾರಕ್ಕೊಮ್ಮೆ ಇದ್ದದ್ದು ದಿನ ಬಿಟ್ಟು ದಿನವಾಯಿತು. ಅಷ್ಟು ಸಲ ಒರೆಸುವಂಥ ಹಸಿ ಆ ಫ್ರಿಜ್ಜಿನಲ್ಲಿ ಎಲ್ಲಿಂದ ಬರಬೇಕು? ಕಾಕಾನ ಬಳಿ ನಾನು ಕೂರುತ್ತಿದ್ದೆ. ಸೀರೆಯ ಅಂಚಿನಿಂದ ನೀರು ಸೋರಿಸುತ್ತ ಪದ್ಮಕ್ಕ ಬಾಗಿಲಿಗೆ ಬಂದರೆ, ನಿಮಗೂ ಜ್ವರ ಬಂದರೆ ಮಾಡುವವರು ಯಾರು ಎಂದು ಬೈಯುತ್ತಿದ್ದೆ. ಅವರು ಒದ್ದೆ ಸೀರೆಯಲ್ಲೇ ಒಲೆ ಹಚ್ಚುತ್ತಿದ್ದರು, ಹೊತ್ತು ಮುಳುಗುವುದರೊಳಗೆ ಉಣಿಸಬೇಕಲ್ಲ.

ಭಾದ್ರಪದದಲ್ಲಿ ಕಾಕಾ ತೀರಿಕೊಂಡರು. ಸೂತಕದ ದಿನಗಳೆಲ್ಲ ಮುಗಿದ ಮೇಲೆ ಪದ್ಮಕ್ಕ ಮತ್ತೆ ಚೀಲ ಹಿಡಿದು ಹೊರಟರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. ನಾವು ಖಾನಾಪುರಕ್ಕೆ ಕೂಡಿ ಹೋದದ್ದು ಅದೊಂದೇ ಸಲ. ಮಾಘ ಮುಗಿಯುವುದರೊಳಗೆ ಅವರೂ ತೀರಿಕೊಂಡರು. ಪಕ್ಕದ ಮನೆಗೆ ಈಗ ಬೀಗ. ಮೊನ್ನೆಯ ಸಾರು ಕಂಡು ಬೈಯುವವರಿಲ್ಲ, ನನಗೆ ಅದು ಸೇರುವುದೂ ಇಲ್ಲ.

ಅವತ್ತು ಗೋದಾಮಿನಲ್ಲಿ ಅವರು ಎಲ್ಲವನ್ನೂ ಎಂದಿನಂತೆಯೇ ಮಾಡಿದರು, ಅವಸರವಿಲ್ಲದೆ. ನನಗೆ ತಡೆಯಲಾಗಲಿಲ್ಲ. "ಇನ್ನ ಯಾರ ಸಲುವಾಗಿ, ಪದ್ಮಕ್ಕಾ?" ಎಂದೆ.

"ಅವರು ಹೋದ್ರಂತ ಇದರಾಗ ಜೀವ ಹುಟ್ಟಿಸಿ ಸಾಯಸ್ಲೇನು?" ಎಂದರು.

ಕೆಲಸ ಮುಗಿದ ಮೇಲೆ ಗಾಡಿಯ ಮೆಟ್ಟಿಲ ಮೇಲೆ ಕೂತೆವು. ಹೊರಗೆ ಮಳೆ ಹೊಡೆಯುತ್ತಿತ್ತು. ಏನಾದರೂ ಸಮಾಧಾನ ಹೇಳಬೇಕೆಂದು, ಕಣಕುಂಬಿಗೆ ಹೋಗುವ ಆಸೆಯಲ್ಲೇ ಕಾಕಾ ಇಷ್ಟು ದಿನ ಜೀವ ಹಿಡಿದಿದ್ದರು ಎಂದೆ. ಪದ್ಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು.

"ಡಾಕ್ಟರ್ ಮೊದಲನೇ ದಿವಸಾನ ಹೇಳಿದ್ರು ತಂಗೀ, ಇವರು ಇನ್ನ ಗಾಡಿ ಹತ್ತೂದಿಲ್ಲಂತ. ಹಾಸಿಗಿ ಬಾಜೂಕ ನಿಂತು ಹೇಳಿದ್ರು. ಅವರಿಗೂ ಕೇಳಿಸಿತ್ತು. ನಾ ಒರಸಿ ಬರತೀನಲ್ಲಾ ಅಂತ, ನನ್ನ ಸಲುವಾಗಿ ಏನೂ ಕೇಳಿಸಿಲ್ಲ ಅನ್ನೂವರಂಗ ಉಂಡ್ರು."